ಬಗ್ಗಿ ಎದ್ದದ್ದೂ ಲೆಕ್ಕಕ್ಕೆ

ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಗಂಟಲು ಅರ್ಧ ಸವೆದಿದೆ. ಗಂಡ, ಮಗಳ ಜೊತೆ ಇರುವುದು ಹಾಸನದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶ್ರಾವಣದ ಹೊತ್ತಿಗೆ ಸರಿಯಾಗಿ ‘ಕೆಲಸ, ಶಕ್ತಿ ಮತ್ತು ಸಾಮರ್ಥ್ಯ’ ಎಂಬ ಪಾಠ ಬರುತ್ತದೆ. ಆಗ ಬೋರ್ಡಿನ ಮೇಲೆ ಒಂದು ಮೆಟ್ಟಿಲ ಸಾಲು ಬರೆದು ಕೆಳಗೆ ಇಬ್ಬರು ಕಡ್ಡಿ ಮನುಷ್ಯರನ್ನು ನಿಲ್ಲಿಸುತ್ತೇನೆ. ಇಬ್ಬರದೂ ಒಂದೇ ತೂಕ. ಒಬ್ಬ ಓಡಿಕೊಂಡು ಹತ್ತುತ್ತಾನೆ, ಇನ್ನೊಬ್ಬ ಆಕಳಿಸಿಕೊಂಡು ಹತ್ತುತ್ತಾನೆ. ಯಾರು ಹೆಚ್ಚು ಕೆಲಸ ಮಾಡಿದರು ಎಂದು ಕೇಳಿದರೆ ಇಡೀ ತರಗತಿ ಒಂದೇ ಬಾಯಲ್ಲಿ ‘ಓಡಿದೋನು ಮೇಡಂ’ ಎನ್ನುತ್ತದೆ. ಪ್ರತಿ ವರ್ಷವೂ ಹಾಗೇ ಎನ್ನುತ್ತದೆ, ಪ್ರತಿ ವರ್ಷವೂ ಅದು ತಪ್ಪು. ತೂಕ ಒಂದೇ, ಏರಿದ ಎತ್ತರ ಒಂದೇ, ಆದ್ದರಿಂದ ಭೂಮಿಯ ಸೆಳೆತಕ್ಕೆ ಎದುರಾಗಿ ಇಬ್ಬರೂ ಮಾಡಿದ ಕೆಲಸವೂ ಒಂದೇ. ಬೇರೆಯಾಗುವುದು ಸಾಮರ್ಥ್ಯ, ಅಂದರೆ ಆ ಕೆಲಸವನ್ನು ಎಷ್ಟು ಬೇಗ ಮಾಡಿದರು ಎಂಬುದು. ಇಷ್ಟು ಹೇಳಿ, ಎರಡು ಸೂತ್ರ ಬರೆದು, ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಹೆದರಿಸಿ, ಡಸ್ಟರಿನಿಂದ ಇಬ್ಬರನ್ನೂ ಒರೆಸಿಬಿಡುತ್ತಿದ್ದೆ. ಹೋದ ವರ್ಷ ಮಾತ್ರ ಒರೆಸಲು ಕೈ ಬರಲಿಲ್ಲ. ಓಡಿ ಹತ್ತುವ ಆ ಕಡ್ಡಿ ಮನುಷ್ಯ ಥೇಟು ನಮ್ಮಪ್ಪನ ಹಾಗೇ ಕಾಣುತ್ತಿದ್ದ.

ಗಾಬರಿ ಬೇಡ. ಅಪ್ಪ ಈಗ ಗುಂಡುಕಲ್ಲಿನ ಹಾಗಿದ್ದಾನೆ, ಈ ಬರಹದಲ್ಲಿ ಯಾರೂ ಸಾಯುವುದಿಲ್ಲ. ಹಾಗೆಂದು ಬರೆಯುವ ಧೈರ್ಯ ನನಗೆ ಬಂದದ್ದೇ ಈಚೆಗೆ.

ನಮ್ಮೂರು ಅರಕಲಗೂಡಿನ ಕಡೆ. ಅಪ್ಪ ಬೇಸಾಯಗಾರ. ಹೊಗೆಸೊಪ್ಪು, ರಾಗಿ, ಜೋಳ, ಒಂದಿಷ್ಟು ಆಲೂಗಡ್ಡೆ. ಅವನಿಗೆ ಎಲ್ಲ ಬರುತ್ತದೆ, ನಿಧಾನವಾಗಿ ನಡೆಯುವುದು ಮಾತ್ರ ಬರುವುದಿಲ್ಲ. ಸಂತೆಗೆ ಅವ್ವನ ಜೊತೆ ಹೊರಟರೆ ಅವನು ತರಕಾರಿ ಕೊಂಡು ವಾಪಸು ಬರುವಾಗ ಅವ್ವ ಇನ್ನೂ ಹೋಗುತ್ತಿರುತ್ತಾಳೆ. ನನ್ನ ಮದುವೆಯಲ್ಲಿ ಧಾರೆಗೆ ಕರೆದಾಗ ಎಷ್ಟು ಬಿರುಸಾಗಿ ಬಂದನೆಂದರೆ ಪುರೋಹಿತರು ಬೆಂಕಿ ಬಿತ್ತೇನೋ ಎಂದು ಎದ್ದು ನಿಂತಿದ್ದರು.

ನಮ್ಮ ಮನೆದೇವರಿರುವುದು ಹೊಳೆನರಸೀಪುರದಿಂದಾಚೆ ಒಂದು ಬೆಟ್ಟದ ಮೇಲೆ. ಶ್ರಾವಣದ ಒಂದು ಶನಿವಾರ ನೆಂಟರೆಲ್ಲ ಸೇರಿ, ಮೇಲೆಯೇ ಒಲೆ ಹೂಡಿ ಅಡಿಗೆ ಮಾಡಿ, ದೇವರಿಗೆ ಎಡೆ ಇಟ್ಟು, ಬಂದವರಿಗೆಲ್ಲ ಊಟ ಹಾಕುತ್ತೇವೆ. ಇದಕ್ಕೆ ನಮ್ಮಲ್ಲಿ ಹರಿಸೇವೆ ಅನ್ನುತ್ತಾರೆ. ಚನ್ನರಾಯಪಟ್ಟಣದಿಂದ ಅವ್ವನ ತಂಗಿ ಮತ್ತು ಅವಳ ಗಂಡ, ಅಂದರೆ ನನ್ನ ಚಿಕ್ಕಪ್ಪ, ಒಂದು ಮೂಟೆ ತೆಂಗಿನಕಾಯಿ ಹೇರಿಕೊಂಡು ಬರುತ್ತಾರೆ. ಅಪ್ಪನಿಗೂ ಚಿಕ್ಕಪ್ಪನಿಗೂ ಅಲ್ಲೊಂದು ಪಂದ್ಯ. ದಾರಿಯಲ್ಲಿ ಸಿಗುವ ಮಂಟಪದಲ್ಲಿ ಕೂರದೆ, ಒಂದೇ ಬಿರುಸಿಗೆ ಮೇಲಕ್ಕೆ ಯಾರು ಮೊದಲು ಮುಟ್ಟುತ್ತಾರೆ ಎಂಬುದು. ಷಡ್ಡಕರು ಸಿಕ್ಕಿದ ಕೂಡಲೇ ಯೋಗಕ್ಷೇಮ ಕೇಳುವುದು ಬಿಟ್ಟು ಒಬ್ಬರ ಕಾಲನ್ನೊಬ್ಬರು ನೋಡಿಕೊಳ್ಳುತ್ತಾರೆ. ಎರಡು ಹೋತಗಳನ್ನು ಒಂದೇ ಗೂಟಕ್ಕೆ ಕಟ್ಟಿದ ಹಾಗೆ ಎಂದು ಅವ್ವ ಬೈಯುತ್ತಾಳೆ.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪನಿಗೆ ಎದೆ ನೋವು ಬಂತು. ಅವ್ವ ಬೆವರು ನೋಡಿ ಕಿರುಚಿಕೊಂಡದ್ದು, ಪಕ್ಕದ ಮನೆಯವರ ಕಾರಿನಲ್ಲಿ ಹಾಸನಕ್ಕೆ ತಂದದ್ದು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದು, ಎಲ್ಲ ಒಂದೇ ದಿನದಲ್ಲಿ ಆಗಿಹೋಯಿತು. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟ ಅಪ್ಪ ಮೊದಲು ಆಡಿದ ಮಾತು ‘ಯಾರ್ಗೂ ಯೋಳ್ಬ್ಯಾಡಿ’ ಎಂದು. ಊರಿನವರಿಗೆ ಗ್ಯಾಸು ಎಂದು ಹೇಳಬೇಕಂತೆ. ಚಿಕ್ಕಪ್ಪ ಚಿಕ್ಕಮ್ಮನಿಗೆ ಅದೂ ಹೇಳಕೂಡದಂತೆ.

‘ಆರ್ಟ್ ಪೇಸೆಂಟು ಅಂತ ಒಂದ್ಸಲ ಗೊತ್ತಾದ್ರೆ ಮುಗೀತು ಕಣವ್ವ. ಎಲ್ಲಾ ಮೊಗುಗ್ ಮಾತಾಡಿಸ್ದಂಗೆ ಮಾತಾಡುಸ್ತಾರೆ. ಜಮೀನ್ ವಿಸ್ಯುಕ್ಕೂ ಕರಿಯಾಕಿಲ್ಲ, ಜಗ್ಳುಕ್ಕೂ ಕರಿಯಾಕಿಲ್ಲ’ ಎಂದ. ಜಗಳಕ್ಕೆ ಕರೆಯುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಚಿಂತೆ.

ಶ್ರಾವಣ ಹತ್ತಿರ ಬಂತು. ಹಾಸನದ ಡಾಕ್ಟರು ಅವನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ ಪರೀಕ್ಷೆ ಮಾಡಿದರು. ಒಳ್ಳೆಯ ಮನುಷ್ಯ, ಮುಖ ನೋಡಿ ಮಾತಾಡುವವರು. ಬೆಟ್ಟ ಹತ್ತಬಹುದು, ಆದರೆ ನಿಧಾನಕ್ಕೆ ಎಂದರು. ಎಷ್ಟು ನಿಧಾನ ಎಂದು ನಾನು ಕೇಳಿದೆ. ‘ಹತ್ತುವಾಗ ಪಕ್ಕದವರ ಜೊತೆ ಸಲೀಸಾಗಿ ಮಾತಾಡೋಕೆ ಆಗಬೇಕು. ಮಾತು ನಿಂತರೆ ಕಾಲೂ ನಿಲ್ಲಬೇಕು’ ಎಂದರು. ಜೋರಾಗಿ ಹತ್ತಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನೇ ನೋಡುತ್ತ ಕೂತರು. ನನಗೆ ಅಷ್ಟೇ ಸಾಕಾಯಿತು.

ಅಪ್ಪನಿಗೆ ನಾನೇ ಪಾಠ ಮಾಡಲು ಹೊರಟೆ. ಭಾನುವಾರ ಊರಿಗೆ ಹೋಗಿ ಜಗಲಿಯ ಮೇಲೆ ಎದುರಿಗೆ ಕೂರಿಸಿಕೊಂಡೆ.

‘ಅಪ್ಪ, ನಮ್ಮ ಹೊಲದ ತೊಟ್ಟಿ ಐತಲ್ಲ, ಅದನ್ನ ಒಂದು ಎಚ್‌ಪಿ ಮೋಟರಲ್ಲೂ ತುಂಬಿಸಬೋದು, ಐದು ಎಚ್‌ಪಿ ಮೋಟರಲ್ಲೂ ತುಂಬಿಸಬೋದು. ತುಂಬೋ ನೀರು ಒಂದೇ ತಾನೆ?’

‘ಊಂ.’

‘ಹಂಗೇ ನೀನು ಒಂದು ಎಚ್‌ಪಿಯಲ್ಲಿ ಬೆಟ್ಟ ಹತ್ತು. ಹತ್ತಿದ ಬೆಟ್ಟ ಅದೇ. ದೇವರಿಗೇನೂ ಕಮ್ಮಿಯಾಗಲ್ಲ.’

‘ಐದ್ ಎಚ್‌ಪಿ ಮೋಟ್ರು ಇಟ್ಕಂಡು ಒಂದ್ರಲ್ ಯಾಕವ್ವ ಓಡುಸ್ಲಿ?’

‘ಮೋಟರು ಐದೇ ಇರಲಿ. ಕರೆಂಟು ಲೋ ವೋಲ್ಟೇಜು. ಲೋ ವೋಲ್ಟೇಜಲ್ಲಿ ಪೂರ್ತಿ ಲೋಡು ಕೊಟ್ಟರೆ ಏನಾಗುತ್ತೆ?’

‘ವೈಂಡಿಂಗ್ ಸುಟ್ಟೋಯ್ತದೆ.’

‘ಮತ್ತೆ?’

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. ನಾನು ಗೆದ್ದೆ ಅಂದುಕೊಂಡೆ. ‘ಡಾಕ್ಟ್ರು ರೀವೈಂಡಿಂಗ್ ಮಾಡವ್ರಲ್ಲ ಬುಡು. ಈಗೇನೂ ಆಗಾಕಿಲ್ಲ’ ಎಂದು ಎದ್ದು ಹೊಲಕ್ಕೆ ಹೋದ. ಹೋಗುವಾಗಲೂ ಓಡಿಯೇ ಹೋದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆಮೇಲಿನ ವಾರ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಹೆಬ್ಬೆರಳು ಹಳದಿಯಾಗಿತ್ತು. ಏನೆಂದು ಕೇಳಿದೆ. ಬೆಟ್ಟವೊಂದಕ್ಕೆ ಮೆಟ್ಟಿಲು ಪೂಜೆಯ ಹರಕೆ ತೀರಿಸಿ ಬರುತ್ತಿದ್ದಳಂತೆ. ಕೆಳಗಿನ ಮೆಟ್ಟಿಲಿನಿಂದ ಹಿಡಿದು ಗುಡಿಯ ಬಾಗಿಲವರೆಗೆ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಬೇಕು. ಒಂದನ್ನೂ ಬಿಡುವ ಹಾಗಿಲ್ಲ, ಹಚ್ಚದ ಮೆಟ್ಟಿಲನ್ನು ತುಳಿಯುವ ಹಾಗಿಲ್ಲ. ‘ಬೆಳಿಗ್ಗೆ ಸುರು ಮಾಡಿದ್ರೆ ಮಧ್ಯಾನ ಆಯ್ತದೆ ಕಣವ್ವ’ ಎಂದು ನಿಟ್ಟುಸಿರುಬಿಟ್ಟಳು. ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ನನಗೆ ಬೇಕಾಗಿದ್ದದ್ದೇ ಬೆಳಿಗ್ಗೆಯ ಬೆಟ್ಟವನ್ನು ಮಧ್ಯಾಹ್ನದವರೆಗೆ ಎಳೆಯುವ ಉಪಾಯ. ಕೆಲಸ ಅಷ್ಟೇ ಇರುತ್ತದೆ, ಸಮಯ ಹಿಗ್ಗುತ್ತದೆ, ಸಾಮರ್ಥ್ಯ ತಾನಾಗಿಯೇ ಇಳಿಯುತ್ತದೆ. ಡಾಕ್ಟರ ಮಾತಿಗೆ ಬಗ್ಗದ ಮನುಷ್ಯ ದೇವರ ಮಾತಿಗೆ ಬಗ್ಗಲೇಬೇಕು.

ಹಾಸನದ ಮನೆಯ ಮಹಡಿ ಮೆಟ್ಟಿಲಲ್ಲಿ ಖಾಲಿ ಬಟ್ಟಲು ಹಿಡಿದುಕೊಂಡು ಹಚ್ಚಿದಂತೆ ನಟಿಸುತ್ತ ಹತ್ತಿ ನೋಡಿದೆ. ಮೊಬೈಲಿನಲ್ಲಿ ಸಮಯ ಹಿಡಿದೆ. ಲೆಕ್ಕ ಬಂಗಾರದಂತಿತ್ತು. ನನ್ನ ಬೆನ್ನು ಬೆವೆತಿತ್ತು, ಆದರೆ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಫ್ಯಾನಿಲ್ಲದ ಜಾಗ ಎಂದುಕೊಂಡೆ. ಓದಿದವರ ಬುದ್ಧಿ ಎಂದು ಅವ್ವ ಆಗಾಗ ಅನ್ನುವುದು ಇದಕ್ಕೇ ಇರಬೇಕು.

ಅವ್ವನಿಗೆ ಫೋನ್ ಮಾಡಿ, ‘ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೆಟ್ಟಿಲು ಪೂಜೆ ಹರಕೆ ಹೊತ್ತಿದ್ದೆ ಅಂತ ಹೇಳು’ ಎಂದೆ.

‘ದೇವ್ರ ಎಸ್ರಲ್ಲಿ ಸುಳ್ ಯೋಳು ಅಂತೀಯಾ? ಕಾಲೇಜಲ್ಲಿ ಮಕ್ಳಿಗೂ ಇದ್ನೇ ಕಲಿಸ್ತೀಯಾ?’ ಎಂದು ಅವ್ವ ಉರಿದುಬಿದ್ದಳು. ಫೋನಿನಲ್ಲಿ ದೇವರ ದೀಪಕ್ಕೆ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು, ಆಮೇಲೆ ಅವ್ವನ ದನಿ. ಅದು ನನಗೆ ಹೇಳಿದ ಮಾತಾಗಿರಲಿಲ್ಲ. ‘ಸ್ವಾಮಿ, ಇವ್ರ ಜೀವ ಉಳಿಸಿದ್ದೀಯ. ನಿನ್ ಬೆಟ್ಟದ್ ಮೆಟ್ಲು ಮೆಟ್ಲಿಗೂ ಅರಿಸ್ಣ ಕುಂಕ್ಮ ಅಚ್ಚುಸ್ತೀನಿ.’ ಮತ್ತೆ ಫೋನಿಗೆ ಬಂದು, ‘ಈಗ ಒತ್ಕಂಡೆ. ಈಗ್ ಯೋಳುದ್ರೆ ಸುಳ್ಳಲ್ಲ’ ಎಂದಳು.

ಅಪ್ಪ ಕೇಳಿ ಗೊಣಗಿದ. ತನ್ನನ್ನು ಕೇಳದೆ ಯಾಕೆ ಹೊತ್ತೆ ಎಂದು ಅವ್ವನ ಮೇಲೆ ಕೂಗಾಡಿದನಂತೆ. ಆದರೆ ಹೊತ್ತ ಹರಕೆಯನ್ನು ತೀರಿಸದೆ ಬಿಡುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ.

ಆ ಶನಿವಾರ ಬೆಳಿಗ್ಗೆ ಮೋಡ ಮುಚ್ಚಿಕೊಂಡು ತಂಪಾಗಿತ್ತು. ಬೆಟ್ಟದ ಬುಡದಲ್ಲಿ ಚನ್ನರಾಯಪಟ್ಟಣದ ವ್ಯಾನು ಆಗಲೇ ನಿಂತಿತ್ತು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ತಯಾರಾಗಿದ್ದ. ಅವ್ವನ ಕೈಯಲ್ಲಿ ಅರಿಸಿನದ ಬಟ್ಟಲು, ನನ್ನ ಕೈಯಲ್ಲಿ ಕುಂಕುಮದ ಬಟ್ಟಲು, ನಮ್ಮ ಹಿಂದೆ ಕೈಕಟ್ಟಿಕೊಂಡು ಅಪ್ಪ. ಇದು ನಾನು ಮಾಡಿದ ಏರ್ಪಾಡು. ಅವ್ವ ಹಚ್ಚಬೇಕು, ನಾನು ಹಚ್ಚಬೇಕು, ಅಷ್ಟು ಹೊತ್ತು ಅಪ್ಪ ಒಂದೊಂದು ಮೆಟ್ಟಿಲಲ್ಲೂ ನಿಂತು ಕಾಯಬೇಕು.

‘ಏನಣ್ಣೋ, ಎಂಗುಸ್ರ ಇಂದೆ ಮೆರವಣ್ಗೆ ಬತ್ತಾ ಇದ್ದೀಯ?’ ಎಂದು ಚಿಕ್ಕಪ್ಪ ನಕ್ಕ.

‘ಅರ್ಕೆ ಕಣ್ಲಾ’ ಎಂದ ಅಪ್ಪ, ಹಲ್ಲು ಕಚ್ಚಿಕೊಂಡು.

‘ಸರಿ, ಮೇಲೆ ಸಿಗ್ತೀನಿ ಬಾ. ಅಷ್ಟ್ರಲ್ಲಿ ನಂದೊಂದ್ ನಿದ್ದೆ ಆಗಿರ್ತದೆ’ ಎಂದು ಚಿಕ್ಕಪ್ಪ ನಮ್ಮ ಪಕ್ಕದಿಂದ ದಡದಡ ಹತ್ತಿಹೋದ. ಅಪ್ಪನ ಕಣ್ಣು ಅವನ ಹಿಮ್ಮಡಿಯ ಹಿಂದೆಯೇ ಹೋಯಿತು.

ಮೊದಲ ಒಂದಷ್ಟು ದೂರ ಎಲ್ಲ ನಾನು ಅಂದುಕೊಂಡಂತೆಯೇ ನಡೆಯಿತು. ಅಪ್ಪ ನಿಲ್ಲುತ್ತಿದ್ದ, ನಿಂತು ನಿಂತು ಬೇಸತ್ತು ನಮ್ಮನ್ನು ಬೈಯುತ್ತಿದ್ದ. ಬೈಗುಳವೂ ಮಾತೇ ತಾನೆ, ಡಾಕ್ಟರು ಹೇಳಿದ ಹಾಗೆ ಸಲೀಸಾಗಿ ಬರುತ್ತಿತ್ತು. ನಾನು ಒಳಗೊಳಗೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆಗ ಅವ್ವ ಬಗ್ಗಿದವಳು ಮೇಲೇಳುವಾಗ ಮಂಡಿ ಹಿಡಿದುಕೊಂಡು ‘ಅಮ್ಮಾ’ ಎಂದಳು. ಅವಳ ಮಂಡಿ ನೋವು ನಮ್ಮ ಮನೆಯಲ್ಲಿ ಎಷ್ಟು ಹಳೆಯದೆಂದರೆ ಯಾರ ಕಿವಿಗೂ ಬೀಳುವುದಿಲ್ಲ. ಅವತ್ತು ಅಪ್ಪನ ಕಿವಿಗೆ ಬಿತ್ತು.

‘ತತ್ತಾ ಇಲ್ಲಿ’ ಎಂದು ಬಟ್ಟಲು ಕಿತ್ತುಕೊಂಡ. ‘ಅರ್ಕೆ ನನ್ ಜೀವಕ್ಕೆ ಒತ್ತಿರೋದು. ನೀನ್ಯಾಕೆ ಬಗ್ಗೀಯೆ? ನಾನೇ ಅಚ್ತೀನಿ.’

ಅವನು ಹೇಳಿದ್ದು ನ್ಯಾಯವೇ ಆಗಿತ್ತು. ನಾನೂ ಸುಮ್ಮನಿದ್ದೆ. ಯಾರು ಹಚ್ಚಿದರೇನು, ಹೊತ್ತು ಅಷ್ಟೇ ಹಿಡಿಯುತ್ತದೆ ಎಂದು ನನ್ನ ಲೆಕ್ಕ. ಅಪ್ಪ ಬಗ್ಗಿ ಅರಿಸಿನ ಹಚ್ಚಿದ, ಎದ್ದ, ಮೆಟ್ಟಿಲು ಹತ್ತಿದ. ಮತ್ತೆ ಬಗ್ಗಿದ, ಎದ್ದ, ಹತ್ತಿದ. ಕೆಲಸ ಕೈಗೆ ಸಿಕ್ಕಿದ ಮೇಲೆ ಅವನ ಹಳೆಯ ವೇಗ ಬಂತು. ನಾಟಿ ಹಾಕುವವರ ಹಾಗೆ ಪಟಪಟನೆ ಬಗ್ಗಿ ಏಳುತ್ತಿದ್ದ. ಮೇಲೆ ತಿರುವಿನಲ್ಲಿ ಚಿಕ್ಕಪ್ಪನ ಬಿಳಿ ಪಂಚೆ ಒಮ್ಮೆ ಕಂಡಿತು, ಅಪ್ಪ ಇನ್ನಷ್ಟು ಬಿರುಸಾದ. ಕುಂಕುಮ ಹಿಡಿದ ನಾನು ಹಿಂದೆ ಬಿದ್ದೆ. ಅಪ್ಪ ಬೈಯುವುದನ್ನು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ, ನನಗೆ ಅದು ಗೊತ್ತಾದದ್ದೇ ತಡವಾಗಿ.

ಆಗ ಹೊಳೆಯಿತು. ಮೆಟ್ಟಿಲಿನ ಎತ್ತರ ಒಂದು ಗೇಣು. ಹತ್ತಿದಾಗ ಇಡೀ ಮೈ ಒಂದು ಗೇಣು ಮೇಲೇರುತ್ತದೆ. ಬೋರ್ಡಿನ ಮೇಲಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಏಕೆಂದರೆ ನನ್ನ ಕಡ್ಡಿ ಮನುಷ್ಯರು ಯಾವತ್ತೂ ಬಗ್ಗಿದವರಲ್ಲ. ಅಪ್ಪ ಬಗ್ಗುತ್ತಿದ್ದ. ಬಗ್ಗಿದಾಗ ಅರ್ಧಕ್ಕಿಂತ ಹೆಚ್ಚು ಮೈ ಒಂದೂವರೆ ಗೇಣು ಕೆಳಗೆ ಹೋಗುತ್ತದೆ, ಎದ್ದಾಗ ಅಷ್ಟನ್ನೂ ಮತ್ತೆ ಎತ್ತಬೇಕು. ಅಂದರೆ ಪ್ರತಿ ಮೆಟ್ಟಿಲಿಗೂ ಹೆಚ್ಚುಕಡಿಮೆ ಇನ್ನೊಂದು ಮೆಟ್ಟಿಲು. ಪುಸ್ತಕದ ಪ್ರಕಾರ ಕೆಳಗೆ ಹೋಗಿ ಮೇಲೆ ಬಂದರೆ ಗುರುತ್ವದ ಲೆಕ್ಕ ಸೊನ್ನೆ. ಮನುಷ್ಯನ ಮೈಯಲ್ಲಿ ಆ ವ್ಯವಹಾರ ನಡೆಯುವುದಿಲ್ಲ. ಬಗ್ಗುವಾಗ ಬಿಟ್ಟ ಶಕ್ತಿ ಬಿಸಿಯಾಗಿ ಬೆವರಾಗಿ ಹೋಗಿಬಿಡುತ್ತದೆ, ಏಳುವಾಗ ಹೊಸದಾಗಿ ಖರ್ಚು ಮಾಡಬೇಕು. ನಾನು ಅಪ್ಪನಿಗೆ ಒಂದು ಬೆಟ್ಟದ ಬದಲು ಎರಡು ಬೆಟ್ಟ ಹತ್ತಿಸುತ್ತಿದ್ದೆ. ಅವನು ನಿಂತು ದಣಿವಾರಿಸಿಕೊಳ್ಳಲೆಂದು ನಾನು ಉಳಿಸಿಟ್ಟಿದ್ದ ಹೊತ್ತನ್ನೆಲ್ಲ ಬಗ್ಗಿ ಏಳುವುದು ನುಂಗಿಹಾಕಿತ್ತು.

‘ಅಪ್ಪ, ನಿಲ್ಲು’ ಎಂದೆ. ನಿಲ್ಲಲಿಲ್ಲ. ಅವ್ವ ಕೆಳಗಿನಿಂದ ಕೂಗಿದಳು. ಅಕ್ಕಪಕ್ಕ ಹತ್ತುತ್ತಿದ್ದವರು ತಿರುಗಿ ನೋಡಿದರು. ನಾಲ್ಕು ಜನ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಅವನು ಸತ್ತರೂ ನಿಲ್ಲುವವನಲ್ಲ. ಸತ್ತರೂ ಎಂಬ ಮಾತು ನನ್ನ ತಲೆಯ ತುಂಬ ಗಿರ್ರನೆ ತಿರುಗಿತು. ಕುಂಕುಮದ ಬಟ್ಟಲನ್ನು ಅಲ್ಲೇ ಕುಕ್ಕಿ, ಎರಡೆರಡು ಮೆಟ್ಟಿಲು ಹಾರಿ, ಅವನನ್ನು ದಾಟಿ, ಅವನು ಇನ್ನೇನು ಹಚ್ಚಬೇಕಿದ್ದ ಮೆಟ್ಟಿಲಿನ ಮೇಲೆ ಕುಕ್ಕರುಬಡಿದೆ. ಮೆಟ್ಟಿಲಿನ ಅಗಲಕ್ಕೂ ಸೆರಗು ಹರಡಿದೆ.

ಅಪ್ಪ ಬಟ್ಟಲು ಹಿಡಿದು ನಿಂತ. ಏಳು ಎಂದು ಕೈಸನ್ನೆ ಮಾಡಿದ.

‘ಏಳಲ್ಲ.’

ಮತ್ತೆ ಸನ್ನೆ ಮಾಡಿದ. ಮೆಟ್ಟಿಲು ತೋರಿಸಿದ, ಗುಡಿಯ ಕಡೆ ತೋರಿಸಿದ. ಹಚ್ಚದ ಮೆಟ್ಟಿಲು ತುಳಿಯುವ ಹಾಗಿಲ್ಲ, ಹಚ್ಚಲು ನಾನು ಜಾಗ ಬಿಡುವುದಿಲ್ಲ.

‘ಬಾಯಿಬಿಟ್ಟು ಹೇಳು, ಏಳ್ತೀನಿ. ನಿನ್ನ ಮೊಮ್ಮಗಳ ಹೆಸರು ಹೇಳು, ಸಾಕು.’

ಅಪ್ಪ ಬಾಯಿ ತೆರೆದ. ಮಾತು ಬರಲಿಲ್ಲ, ಬರೀ ಗಾಳಿ ಬಂತು. ಅವನಿಗೂ ಅದು ಆಗಲೇ ಗೊತ್ತಾಗಿರಬೇಕು. ಕಣ್ಣಲ್ಲಿ ನಾನು ಎಂದೂ ನೋಡದ ಹೆದರಿಕೆ ಇತ್ತು. ಮೆಲ್ಲಗೆ ನನ್ನ ಕಾಲ ಬುಡದಲ್ಲಿ ಕೂತುಬಿಟ್ಟ. ಅವ್ವ ಮಂಡಿಯನ್ನು ಮರೆತು ಹತ್ತಿ ಬಂದಳು, ಸೊಂಟದ ಚೀಲದಿಂದ ನಾಲಿಗೆ ಕೆಳಗಿಡುವ ಮಾತ್ರೆ ತೆಗೆದಳು. ನೋವಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಅವ್ವ ಮಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟು ಉಸಿರು ಎಣಿಸಲು ಹೋಗಿ ಎಣಿಕೆ ತಪ್ಪಿದೆ. ಅಷ್ಟು ಹೊತ್ತು ನನಗೆ ಯಾವ ಸೂತ್ರವೂ ನೆನಪಿರಲಿಲ್ಲ.

ಕೊನೆಗೆ ಅಪ್ಪ ಮೊಮ್ಮಗಳ ಹೆಸರು ಹೇಳಿದ. ಸಣ್ಣ ದನಿಯಲ್ಲಿ, ಆದರೆ ಪೂರ್ತಿಯಾಗಿ. ನನಗೆ ಹೋದ ಜೀವ ಬಂತು. ಅಳು ಬಂದದ್ದನ್ನು ಮುಚ್ಚಿಕೊಳ್ಳಲು ಜೋರು ಮಾಡಿ, ಬಗ್ಗಿ ಏಳುವುದರ ಲೆಕ್ಕವನ್ನು ಅಲ್ಲೇ ಬೆರಳಲ್ಲಿ ಗೇಣು ಹಾಕಿ ತೋರಿಸಿ ಹೇಳಿದೆ.

‘ಬಗ್ಗಿ ಎದ್ದುದ್ದೂ ಲೆಕ್ಕುಕ್ ಬತ್ತದಾ?’ ಎಂದು ಅಪ್ಪ ಬೆರಗಾದ.

‘ಬರುತ್ತೆ.’

‘ಮತ್ತೆ ಮುಂಚೇನೇ ಯೋಳ್ಬಾರ್ದಾ?’

‘ನನಗೇ ಈಗ ಹೊಳೆದದ್ದು.’

‘ಸರೋಯ್ತು. ಆ ಮಕ್ಳ ಗತಿ ದೇವ್ರೇ ಕಾಪಾಡ್ಬೇಕು’ ಎಂದು ಅಪ್ಪ ನಕ್ಕ. ಅವ್ವನೂ ನಕ್ಕಳು. ಅವರಿಬ್ಬರೂ ಸೇರಿ ನನ್ನನ್ನು ನೋಡಿ ನಗುವುದನ್ನು ಕೇಳಿ ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ಇಳಿದು ಹೋಗೋಣ ಎಂದೆ. ಹರಕೆಯನ್ನು ಅರ್ಧಕ್ಕೆ ಬಿಡಲು ಇಬ್ಬರೂ ಒಪ್ಪಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ನೋವಿಲ್ಲ, ಮಾತು ಸರಾಗವಾಗಿದೆ ಎಂದಮೇಲೆ, ಚೆನ್ನಾಗಿ ಕೂತು ಸುಧಾರಿಸಿಕೊಂಡು ಆಮೇಲೆ ನಿಧಾನವಾಗಿ ಹತ್ತಿಸಿ ಎಂದರು. ಅಪ್ಪ ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಕೆಳಗಿಳಿದು, ಹಾರಿಬಂದಿದ್ದ ಮೆಟ್ಟಿಲುಗಳಿಗೆಲ್ಲ ಕುಂಕುಮ ಇಟ್ಟು ಬಂದೆ. ಮುಂದೆ ಹೇಗೆ ಎಂಬುದನ್ನು ಅಪ್ಪನೇ ಕಂಡುಕೊಂಡ. ಗುಡಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತ. ಕೂತಲ್ಲಿಂದಲೇ ಮೇಲಿನ ಮೆಟ್ಟಿಲಿಗೆ ಕೈ ಹಿಂದೆ ಮಾಡಿ ಅರಿಸಿನ ಹಚ್ಚಿದ, ನಾನು ಕುಂಕುಮ ಇಟ್ಟೆ, ಆಮೇಲೆ ಕೈಯೂರಿ ಮೈಯನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸಿಕೊಂಡ. ಬಗ್ಗುವುದಿಲ್ಲ, ಏಳುವುದಿಲ್ಲ, ಏರುವುದು ಒಂದೇ ಗೇಣು. ನೋಡಿದವರು ಇದೆಂಥ ಕಠಿಣ ಹರಕೆಯಪ್ಪ ಎಂದು ಅವನಿಗೆ ಕೈಮುಗಿದು ದಾಟಿಕೊಂಡು ಹೋದರು. ಅಪ್ಪನೂ ಗಂಭೀರವಾಗಿ ಅವರಿಗೆ ಕೈಮುಗಿದ.

ಅಷ್ಟು ವರ್ಷ ಆ ಬೆಟ್ಟ ಹತ್ತಿದ್ದರೂ ಅವನು ಕೆಳಗೆ ನೋಡಿದ್ದೇ ಇಲ್ಲವಂತೆ. ಈಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾಣಿಸಿತು. ಹೇಮಾವತಿ ನಾಲೆ, ಹಸಿರು ರಾಗಿ, ಯಾರದೋ ಹೊಸ ಮನೆ, ಕಟ್ಟಾಯದ ಕಡೆ ಸುರಿಯುತ್ತಿದ್ದ ಮಳೆ. ಎಲ್ಲಕ್ಕೂ ಒಂದು ಮಾತಿತ್ತು. ಹೊಸ ಮನೆಯವನ ಬಣ್ಣ ಚೆನ್ನಾಗಿಲ್ಲ ಎಂದ. ಮಾತಾಡುತ್ತ ಮಾತಾಡುತ್ತ, ಬೇಸಿಗೆಯಲ್ಲಿ ನೋವು ಬಂದ ದಿನದ್ದು ಹೇಳಿದ. ಅವ್ವ ನೋಡುವುದಕ್ಕೆ ಮುಂಚೆ ಎರಡು ಸಲ ಬಂದಿತ್ತಂತೆ. ಎರಡು ಸಲವೂ ಪಂಪುಮನೆಯ ಹಿಂದೆ ಹೋಗಿ ಯಾರಿಗೂ ಕಾಣದ ಹಾಗೆ ಕೂತಿದ್ದನಂತೆ.

‘ಎರಡ್ ಸಲ?’ ಎಂದಳು ಅವ್ವ. ಅವಳು ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು. ‘ನಂಗ್ ಯೋಳಾಕೆ ಏನಾಗಿತ್ತು ನಿಮ್ಗೆ? ಬಾಯಿಗ್ ಬೀಗ ಆಕಿದ್ರಾ?’ ಆಮೇಲೆ ಮಂಟಪದವರೆಗೂ ಬೈದಳು. ಅಪ್ಪ ಬೈಸಿಕೊಳ್ಳುತ್ತಲೇ ಅರಿಸಿನ ಹಚ್ಚಿದ. ಮಂಟಪದಲ್ಲಿ ಮೂವರೂ ಕೂತು ನೀರು ಕುಡಿದೆವು.

ನಾವು ಮೇಲೆ ಮುಟ್ಟುವಾಗ ಮೊದಲ ಪಂಕ್ತಿಯ ಊಟವೇ ಮುಗಿದಿತ್ತು. ಅಪ್ಪ ಕೊನೆಯ ಮೆಟ್ಟಿಲಿಗೆ ಅರಿಸಿನ ಹಚ್ಚಿ, ಎದ್ದು ನಿಂತು, ಗುಡಿಗೆ ಅಡ್ಡಬಿದ್ದ. ಚಿಕ್ಕಮ್ಮ ದೂರದಲ್ಲಿ ಸಾರು ಬಡಿಸುತ್ತಿದ್ದಳು. ಚಿಕ್ಕಪ್ಪ ಬಡಿಸುವವರ ಜೊತೆಗೂ ಇರಲಿಲ್ಲ, ಉಣ್ಣುವವರ ಜೊತೆಗೂ ಇರಲಿಲ್ಲ. ಒಲೆಗಳ ಆಚೆ ಬಂಡೆಗೊರಗಿ ಒಬ್ಬನೇ ಕೂತಿದ್ದ.

‘ಯಾಕಣ್ಣ ಇಷ್ಟೊತ್ತು?’ ಎಂದು ಕೇಳಿದ.

ಅಪ್ಪ ಅವನ ಪಕ್ಕ ಕೂತ. ಹರಕೆ ಎಂದು ಹೇಳಿ ಮುಗಿಸಬಹುದಿತ್ತು. ಇಡೀ ದಾರಿ ಮಾತಾಡಿ ಅವನ ಬಾಯಿ ಬಿಟ್ಟುಕೊಂಡಿತ್ತೋ ಏನೋ, ‘ಆರ್ಟು ಕಣಪ್ಪ. ಬ್ಯಾಸ್ಗೇಲಿ ಆಸ್ಪತ್ರೆ ಸೇರಿದ್ದೆ, ನಿಮ್ಗೆ ಯೋಳ್ಲಿಲ್ಲ. ಸ್ಟಂಟ್ ಆಕವ್ರೆ. ಮೆಲ್ಲಗ್ ಅತ್ತು ಅಂದವ್ರೆ, ಕುಂತ್ಕಂಡ್ ಕುಂತ್ಕಂಡ್ ಬಂದೆ’ ಎಂದ.

ಚಿಕ್ಕಪ್ಪ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಚಿಕ್ಕಮ್ಮ ಎಲ್ಲಿದ್ದಾಳೆ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿ, ‘ಎಂಗಾಗಿತ್ತಣ್ಣ? ಇಲ್ಲಿ ಕಲ್ ಇಟ್ಟಂಗಾಯ್ತಿತ್ತಾ? ದವಡೆಗೂ ಬತ್ತಿತ್ತಾ?’ ಎಂದು ಕೇಳಿದ.

ಅಪ್ಪ ನನ್ನ ಮುಖ ನೋಡಿದ. ‘ದವಡೆ ಅಂತ ನಿಂಗ್ಯಾರ್ ಯೋಳುದ್ರು?’

ಚಿಕ್ಕಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. ‘ಓದ್ ವರ್ಸ್ವೂ ಬಂದಿತ್ತು. ಇವತ್ತೂ ಬಂತು, ಮಂಟಪದತ್ರ. ಈಗಿಲ್ಲ. ನೀನ್ ಇಂದೇನೇ ಬತ್ತಾ ಇದ್ದೀಯ ಅಂದ್ಕಂಡು ಕೂರ್ನಿಲ್ಲ.’

ಅಪ್ಪ ಚಿಕ್ಕಪ್ಪನ ತೊಡೆಯ ಮೇಲೆ ಕೈಯಿಟ್ಟ. ಆ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನು ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ. ಕೂರಿಸಿ, ಅವಸರ ಮಾಡದೆ ಇಳಿಸಿ, ಮನೆಗೆ ಹೋಗಬೇಡಿ, ಸೀದಾ ಇಲ್ಲಿಗೆ ಕರೆದುಕೊಂಡು ಬನ್ನಿ, ನಾನು ಕಾಯುತ್ತೇನೆ ಎಂದರು. ಅವತ್ತು ಸಂಜೆ ಹಾಸನದಲ್ಲಿ ಚಿಕ್ಕಪ್ಪನನ್ನು ನೋಡಿ ಅವರು ಹೇಳಿದ್ದು ‘ಸರಿಯಾದ ಹೊತ್ತಿಗೆ ಬಂದ್ರಿ’ ಎಂದು. ಆ ಮಾತು ಕೇಳಿ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ, ಒಳ್ಳೆಯ ಅಳು ಅದು.

ಆದರೆ ಬೆಟ್ಟದ ಮೇಲೆ ಇನ್ನೂ ಒಂದು ಕೆಲಸ ಬಾಕಿ ಇತ್ತು.

‘ಮಗ, ನಿಮ್ ಚಿಕ್ಕಮ್ಮಂಗೆ ನೀನೇ ಯೋಳ್ಬುಡು’ ಎಂದು ಚಿಕ್ಕಪ್ಪ ನನ್ನನ್ನು ಕೇಳಿಕೊಂಡ.

‘ಅವ್ಳ್ಯಾಕೆ ಯೋಳ್ತಾಳೆ? ನೀನೇ ಯೋಳು’ ಎಂದ ಅಪ್ಪ. ‘ನಾನ್ ಯೋಳ್ನಿಲ್ವಾ ಈಗ? ಏನಾಯ್ತು? ಬೆಟ್ಟ ಬಿದ್ದೋಯ್ತಾ?’

ಚಿಕ್ಕಪ್ಪ ಬಂಡೆ ಹಿಡಿದು ಮೆಲ್ಲಗೆ ಎದ್ದ. ಪಂಕ್ತಿಯ ಪಕ್ಕದಲ್ಲಿ ಹೋಗಿ ಚಿಕ್ಕಮ್ಮನ ಹತ್ತಿರ ನಿಂತು ಏನೋ ಹೇಳಿದ. ಅಷ್ಟು ದೂರದಿಂದ ಮಾತು ಕೇಳಿಸಲಿಲ್ಲ. ಚಿಕ್ಕಮ್ಮ ಸೌಟನ್ನು ಪಕ್ಕದವಳ ಕೈಗೆ ಕೊಟ್ಟು, ಅವನನ್ನು ಅಲ್ಲೇ ಚಾಪೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.